ತನ್ನ ಮನೆಯನ್ನು ಕೊನೆಗಿಟ್ಟ ದೊರೆ

ಅರಸನೊಬ್ಬ ತನ್ನ ವಂಶದ ಚರಿತ್ರೆ ಬರೆಸಿದರೆ ಅದರಲ್ಲಿ ಅಚ್ಚರಿಯಿಲ್ಲ. ಆಸ್ಥಾನವಿದ್ದ ಕಡೆ ಹೊಗಳುಭಟರು ಇದ್ದೇ ಇರುತ್ತಾರೆ, ಸೂರ್ಯಚಂದ್ರರಿಂದ ಇಳಿದುಬಂದ ವಂಶಾವಳಿಯೂ ಸಿದ್ಧವಾಗುತ್ತದೆ. ಆದರೆ ಕುರ್ದರ ಬಿತ್ಲಿಸ್ ಸಂಸ್ಥಾನದ ದೊರೆ ಶರಫ್ ಖಾನ್ 1597ರಲ್ಲಿ, ತನ್ನ 54ನೆಯ ವಯಸ್ಸಿನಲ್ಲಿ, ಫಾರಸಿಯಲ್ಲಿ ಬರೆದು ಮುಗಿಸಿದ ‘ಶರಫ್‌ನಾಮಾ’ದ ಜಾಡೇ ಬೇರೆ. ಆತ ಯಾರಿಗೂ ಬರೆಯಲು ಹೇಳಲಿಲ್ಲ, ತಾನೇ ಕೂತು ಬರೆದ. ಕುರ್ದರ ದೊರೆಗಳ ಬಗ್ಗೆ ಯಾರೂ ಒಂದು ಚರಿತ್ರೆ ಬರೆದಿಲ್ಲ, ಅದಕ್ಕಾಗಿ ತಾನು ಈ ಕೆಲಸಕ್ಕೆ ಕೈಹಾಕಿದೆ ಎಂದು ಮುನ್ನುಡಿಯಲ್ಲೇ ಹೇಳಿದ.

ಆ ಪುಸ್ತಕದ ಅನುಕ್ರಮವೇ ನನ್ನನ್ನು ಮೊದಲು ಹಿಡಿದು ನಿಲ್ಲಿಸಿತು. ಮೊದಲ ಭಾಗ ಸ್ವತಂತ್ರ ಅರಸೊತ್ತಿಗೆ ನಡೆಸಿದ ಮನೆತನಗಳದ್ದು. ಈಜಿಪ್ಟ್, ಸಿರಿಯಾ ಆಳಿದ ಸಲಾದೀನನ ಅಯ್ಯೂಬಿ ವಂಶ ಅಲ್ಲಿ ಬರುತ್ತದೆ. ಎರಡನೆಯದರಲ್ಲಿ ಅರ್ದಲಾನ್, ಹಕ್ಕಾರಿ, ಜಜೀರಾ ಮುಂತಾದ ಮನೆತನಗಳಿವೆ. ಇವರು ಸಾರ್ವಭೌಮರಲ್ಲದಿದ್ದರೂ ಆಗೀಗ ತಮ್ಮ ಹೆಸರಿನಲ್ಲಿ ನಾಣ್ಯ ಹೊಡೆಸಿದವರು, ಶುಕ್ರವಾರದ ನಮಾಜಿನ ಪ್ರವಚನವಾದ ಖುತ್ಬಾದಲ್ಲಿ ತಮ್ಮ ಹೆಸರು ಓದಿಸಿಕೊಂಡವರು. ಮೂರನೆಯದು ಉಳಿದ ಅಮೀರರದ್ದು. ಬಿತ್ಲಿಸ್ ಬರುವುದು ನಾಲ್ಕನೆಯ ಭಾಗದಲ್ಲಿ. ಕೊನೆಗಿಡುವುದೂ ಒಂದು ಗೌರವವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಅಧಿಕಾರದ ಎತ್ತರವನ್ನೇ ಅಳತೆಗೋಲು ಮಾಡಿಕೊಂಡು ಮೇಲಿನಿಂದ ಕೆಳಗೆ ಇಳಿದುಬಂದ ಪುಸ್ತಕ ಇದು. ಆ ಅಳತೆಗೋಲಿಗೆ ಆತ ತನ್ನ ಮನೆಯನ್ನೂ ಒಡ್ಡಿದ. ಅರಸರ ಬರವಣಿಗೆಯಲ್ಲಿ ಇದು ಅಪರೂಪ. ಇಂಥ ಪುಸ್ತಕ ಬರೆಯುವ ಮನಸ್ಸು ಎಲ್ಲಿ ಹದಗೊಂಡಿತು ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕದ್ದು ಮೂರು ತಲೆಮಾರುಗಳ ಕತೆ.

ಬಿತ್ಲಿಸ್ ಇರುವುದು ಇಂದಿನ ಪೂರ್ವ ತುರ್ಕಿಯಲ್ಲಿ, ವಾನ್ ಸರೋವರದ ನೈಋತ್ಯಕ್ಕೆ. ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರದಲ್ಲಿ, ಇಕ್ಕಟ್ಟಾದ ಕಣಿವೆಯೊಂದರಲ್ಲಿ ಕಪ್ಪು ಜ್ವಾಲಾಮುಖಿ ಶಿಲೆಯ ಮನೆಗಳು, ನಡುವೆ ಹೊಳೆ, ಹೊಳೆಯ ಮೇಲೆ ಬಂಡೆ, ಬಂಡೆಯ ಮೇಲೆ ಕೋಟೆ. ವಾನ್ ಸರೋವರದ ಕಡೆಯಿಂದ ಟೈಗ್ರಿಸ್ ನದಿಯ ಬಯಲಿಗೆ ಇಳಿಯಬೇಕಾದ ದಂಡಾಗಲಿ ವ್ಯಾಪಾರಿಗಳ ಸಾಲಾಗಲಿ ಈ ಕಣಿವೆಯನ್ನೇ ಹಾಯಬೇಕು. ಊರಿನ ಬಲವೂ ಅದೇ, ಗಂಡಾಂತರವೂ ಅದೇ.

ಆ ಕೋಟೆಯ ಬಗ್ಗೆ ಊರವರು ಹೇಳುತ್ತ ಬಂದ, ಶರಫ್ ಖಾನನೂ ಬರೆದಿಟ್ಟ ಕತೆಯೊಂದಿದೆ. ನಾನೇ ಬಂದರೂ ಗೆಲ್ಲಲಾಗದಂಥ ಕೋಟೆ ಕಟ್ಟು ಎಂದು ಅಲೆಕ್ಸಾಂಡರ್ ತನ್ನ ಸೇವಕ ಬದ್ಲಿಸ್‌ಗೆ ಅಪ್ಪಣೆ ಕೊಟ್ಟು ಮುಂದೆ ಹೋದ. ದಂಡಯಾತ್ರೆ ಮುಗಿಸಿ ಮರಳಿದಾಗ ಕೋಟೆಯ ಬಾಗಿಲು ಮುಚ್ಚಿತ್ತು. ಮುತ್ತಿಗೆ ಹಾಕಿದರೂ ತೆರೆಯಲಿಲ್ಲ. ಅಲೆಕ್ಸಾಂಡರ್ ಕೈಚೆಲ್ಲಿ ಹೊರಟ ಮೇಲೆ ಬದ್ಲಿಸ್ ಬೀಗದ ಕೈ ಹಿಡಿದು ಓಡಿಬಂದು ಕಾಲಿಗೆ ಬಿದ್ದ. ಒಡೆಯನೇ, ನೀನು ಹೇಳಿದ್ದನ್ನೇ ಮಾಡಿದ್ದೇನೆ ಎಂದ. ಬಾಗಿಲು ಮುಚ್ಚಿ ತನ್ನ ಶಕ್ತಿ ತೋರಿಸಬೇಕು, ಆಮೇಲೆ ತಾನೇ ಕೀಲಿ ತಂದೊಪ್ಪಿಸಬೇಕು. ಇತಿಹಾಸವಾಗಿ ಇದನ್ನು ನಂಬಬೇಕಾಗಿಲ್ಲ. ಆದರೆ ಎರಡು ಸಾಮ್ರಾಜ್ಯಗಳ ನಡುವೆ ಬದುಕಿದ ಜನ ತಮ್ಮ ರಾಜನೀತಿಯನ್ನು ಇದಕ್ಕಿಂತ ಚೊಕ್ಕವಾಗಿ ಹೇಳಿಕೊಂಡದ್ದು ನನಗೆ ಗೊತ್ತಿಲ್ಲ.

ಆ ಎರಡು ಸಾಮ್ರಾಜ್ಯಗಳು ಯಾವುವೆಂದರೆ, ಪಶ್ಚಿಮಕ್ಕೆ ಒಟ್ಟೋಮನ್ ಸುಲ್ತಾನರು, ಪೂರ್ವಕ್ಕೆ ಇರಾನಿನ ಸಫಾವಿ ಷಾಗಳು. ಹದಿನಾರನೆಯ ಶತಮಾನದ ಮೊದಲ ವರ್ಷಗಳಲ್ಲಿ ಹದಿನಾರು ಮಂದಿ ಕುರ್ದ್ ಅಮೀರರು ಷಾ ಇಸ್ಮಾಯಿಲನಿಗೆ ನಿಷ್ಠೆ ಒಪ್ಪಿಸಲು ಹೋದರು. ಅವರಲ್ಲಿ ಬಿತ್ಲಿಸ್‌ನ ದೊರೆಯೂ ಇದ್ದ, ಈತ ನಮ್ಮ ಲೇಖಕನ ಅಜ್ಜ. ಹೆಸರೂ ಶರಫ್ ಎಂದೇ. ಷಾ ಅವರಲ್ಲಿ ಬಹುಪಾಲು ಮಂದಿಯನ್ನು ಸೆರೆಗೆ ಹಾಕಿ, ಅವರ ನಾಡುಗಳಿಗೆ ತನ್ನ ಅಧಿಕಾರಿಗಳನ್ನು ಕಳಿಸಿದ. ಸುಲ್ತಾನ ಸೆಲೀಮ್ ಬೇರೆ ದಾರಿ ಹಿಡಿದ. 1514ರಲ್ಲಿ ಚಾಲ್ದಿರಾನ್ ಕಾಳಗದಲ್ಲಿ ಷಾನನ್ನು ಸೋಲಿಸಿದ ಮೇಲೆ ಕುರ್ದ್ ನಾಡನ್ನು ಒಲಿಸಿಕೊಳ್ಳುವ ಕೆಲಸವನ್ನು ಇದ್ರೀಸ್ ಬಿತ್ಲಿಸಿ ಎಂಬ ವಿದ್ವಾಂಸನಿಗೆ ವಹಿಸಿದ. ಹೆಸರೇ ಹೇಳುವಂತೆ ಆತನ ಮನೆತನದ ಮೂಲ ಬಿತ್ಲಿಸ್. ಮೊಹರು ಒತ್ತಿದ ಖಾಲಿ ಫರ್ಮಾನುಗಳನ್ನೇ ಸುಲ್ತಾನ ಆತನ ಕೈಗೆ ಕಳಿಸಿಕೊಟ್ಟ. ಯಾವ ಅಮೀರನ ಹೆಸರು, ಯಾವ ನಾಡು ಎಂದು ತುಂಬುವುದು ಇದ್ರೀಸನಿಗೆ ಬಿಟ್ಟದ್ದು. ಹೀಗೆ ಹುಟ್ಟಿದ ಏರ್ಪಾಡಿನಲ್ಲಿ ದೊಡ್ಡ ಕುರ್ದ್ ಮನೆತನಗಳಿಗೆ ನಾಡು ವಂಶಪಾರಂಪರ್ಯವಾಗಿ ಉಳಿಯಿತು. ದಂಡಯಾತ್ರೆಗೆ ಕರೆದಾಗ ಕುದುರೆ ಸವಾರರೊಡನೆ ಬರಬೇಕು; ಉಳಿದಂತೆ ಒಳಗಿನ ಆಡಳಿತ ಅವರದೇ. ನಮ್ಮ ಪಾಳೆಯಗಾರರನ್ನು ಬಲ್ಲವರಿಗೆ ಈ ಏರ್ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಜ್ಜ ಶರಫ್ ಈ ಮಾತಿನ ಮೇಲೆ ಹದಿನೈದಿಪ್ಪತ್ತು ವರ್ಷ ನೆಮ್ಮದಿಯಿಂದಿದ್ದ. 1529ರಲ್ಲಿ ಆತ ಕಟ್ಟಿಸಿದ ಶರಫಿಯಾ ಮಸೀದಿ ಹೊಳೆಯ ದಂಡೆಯಲ್ಲಿ ಇಂದಿಗೂ ನಿಂತಿದೆ. ಆಮೇಲೆ ಇರಾನಿನ ಕಡೆಯಿಂದ ಪಕ್ಷಾಂತರ ಮಾಡಿ ಬಂದ ಉಲಾಮಾ ಎಂಬ ಸೇನಾಪತಿಗೆ ಸುಲ್ತಾನ ಸುಲೇಮಾನ್ ಬಿತ್ಲಿಸ್ಸನ್ನೇ ಇನಾಮಾಗಿ ಕೊಟ್ಟುಬಿಟ್ಟ. ತನ್ನ ಮನೆ ಉಳಿಸಿಕೊಳ್ಳಲು ಅಜ್ಜ ಷಾ ತಹ್ಮಾಸ್ಪನ ಆಸರೆಗೆ ಹೋಗಬೇಕಾಯಿತು. 1533ರಲ್ಲಿ ಅದೇ ಉಲಾಮಾನ ಸೈನ್ಯದೊಡನೆ ಹೋರಾಡುತ್ತಾ ಸತ್ತ. ಮಗ ಶಂಸುದ್ದೀನನಿಗೆ ಬಿತ್ಲಿಸ್‌ಗೆ ಬದಲಾಗಿ ಮಲತ್ಯಾ ಕೊಡುತ್ತೇವೆ ಎಂದರು. ಊರಿಗೆ ಬದಲಾಗಿ ಊರು! ಶಂಸುದ್ದೀನ್ ಒಪ್ಪದೆ ತನ್ನ ರೋಝಕಿ ಬುಡಕಟ್ಟಿನ ಒಂದಷ್ಟು ಜನರನ್ನು ಕಟ್ಟಿಕೊಂಡು ಇರಾನಿಗೆ ದಾಟಿದ.

ಶರಫ್ ಖಾನ್ ಹುಟ್ಟಿದ್ದು ಅಲ್ಲಿ, ಪರದೇಶದಲ್ಲಿ. 1543ರ ಫೆಬ್ರವರಿಯಲ್ಲಿ, ಖುಮ್ ಪಟ್ಟಣದ ಹತ್ತಿರ. ಒಂಬತ್ತು ವರ್ಷದವನಾದಾಗ ಆತನನ್ನು ಷಾ ತಹ್ಮಾಸ್ಪನ ಅರಮನೆಗೆ ಸೇರಿಸಿದರು. ಅಮೀರರ ಮಕ್ಕಳನ್ನು ರಾಜಕುಮಾರರ ಜೊತೆಗೆ ಬೆಳೆಸುವುದು ಆ ಷಾನ ಪದ್ಧತಿ. ಕುರಾನು, ಧರ್ಮಶಾಸ್ತ್ರ ಮೊದಲು. ಆಮೇಲೆ ಬಿಲ್ವಿದ್ಯೆ, ಕುದುರೆ ಸವಾರಿ, ಪೋಲೋ. ಇವುಗಳ ಜೊತೆಗೆ ಷಾ ಮಕ್ಕಳಿಗೆ ಚಿತ್ರಕಲೆ ಕಲಿಯಲೂ ಹೇಳುತ್ತಿದ್ದ, ಕೈ ಹಿಡಿತಕ್ಕೆ ಬಂದರೆ ರುಚಿಯೂ ಹದಗೊಳ್ಳುತ್ತದೆ ಎಂಬ ನಂಬಿಕೆಯಿಂದ. ಇದನ್ನು ಶರಫ್ ಖಾನ್ ತನ್ನ ಆತ್ಮಕಥನದ ಭಾಗದಲ್ಲಿ ಕೃತಜ್ಞತೆಯಿಂದ ನೆನೆಯುತ್ತಾನೆ. ಹನ್ನೆರಡನೆಯ ವಯಸ್ಸಿಗೆ ಪರದೇಶದಲ್ಲಿದ್ದ ರೋಝಕಿಗಳಿಗೆ ಆತನೇ ಯಜಮಾನನಾದ.

ಬಿತ್ಲಿಸ್‌ನ ಮಣ್ಣು ಮೆಟ್ಟದ ಹುಡುಗನೊಬ್ಬ ಬಿತ್ಲಿಸ್‌ನವರ ಯಜಮಾನ. ಈ ಸಂಗತಿಯ ಬಳಿ ನಾನು ತುಂಬಾ ಹೊತ್ತು ನಿಂತಿದ್ದೇನೆ, ಅದಕ್ಕೆ ಕಾರಣ ನಮ್ಮ ಮನೆಯಲ್ಲಿದೆ. ನಮ್ಮ ತಂದೆಯ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ನಾನು ಹುಟ್ಟುವ ಹೊತ್ತಿಗೆ ಅದು ಬರೀ ಮಾತಾಗಿತ್ತು. ಆದರೆ ಆ ಮಾತಿನಲ್ಲಿ ಬಾವಿಕಟ್ಟೆಯ ಮೆಟ್ಟಿಲಿತ್ತು, ಕೊಟ್ಟಿಗೆಯ ಹಿಂದಿನ ಹಲಸಿತ್ತು, ಯಾರ ಗದ್ದೆಯ ಅಂಚು ಎಲ್ಲಿ ತಿರುಗುತ್ತಿತ್ತು ಎಂಬುದಿತ್ತು. ಊರಲ್ಲಿ ಬಾಳಿ ಬಂದ ನಮ್ಮ ಹಿರಿಯರು ಯಾರೂ ಒಂದು ಸಾಲು ಬರೆದಿಡಲಿಲ್ಲ. ಅವರಿಗೆ ಅದರ ಅಗತ್ಯ ಕಾಣಲಿಲ್ಲ, ಊರು ಅವರ ಕಾಲಿನಲ್ಲೇ ಇತ್ತು. ಬರೆದಿಡಬೇಕು ಎಂಬ ಹಸಿವು ಹುಟ್ಟಿದ್ದು ಕೇಳಿ ಬೆಳೆದ ನಮ್ಮಲ್ಲಿ. ಹೆಸರುಗಳನ್ನು ಸರಿಯಾಗಿ ಕೇಳಿ ಬರೆದುಕೊಳ್ಳುವುದು, ಯಾರಿಗೆ ಯಾರು ದಾಯಾದಿ ಎಂದು ಗೆರೆ ಎಳೆಯುವುದು, ಪಕ್ಕದ ಊರಿನವರನ್ನೂ ವಿಚಾರಿಸುವುದು. ಕಳೆದುಕೊಂಡವರ ಮಕ್ಕಳಿಗೆ ಪಕ್ಕದ ಊರೂ ತಮ್ಮದೇ ಆಗಿ ಕಾಣುತ್ತದೆ, ಏಕೆಂದರೆ ಅದೂ ಅದೇ ನೀರಿನಲ್ಲಿ ಮುಳುಗಿದೆ. ಶರಫ್ ಖಾನ್ ತನ್ನವರ ಜೊತೆ ಇತರರ ಮನೆತನಗಳನ್ನೂ ಅಷ್ಟು ಅಕ್ಕರೆಯಿಂದ ದಾಖಲಿಸಿದ್ದರ ಬೇರು ಇಲ್ಲಿದೆ ಎಂದು ನನ್ನ ನಂಬಿಕೆ. ಬಿತ್ಲಿಸ್ ಕೋಟೆಯೊಳಗೇ ಹುಟ್ಟಿ ಬೆಳೆದಿದ್ದರೆ ಆತನಿಗೆ ನೆರೆಯ ಹಕ್ಕಾರಿಯೂ ಜಜೀರಾವೂ ಬರೀ ಗಡಿ ತಂಟೆಯ ಹೆಸರುಗಳಾಗಿರುತ್ತಿದ್ದವು. ದೂರದ ಖಜ್ವೀನಿನಲ್ಲಿದ್ದ ಷಾನ ಅರಮನೆಯಿಂದ ನೋಡಿದಾಗ ಆ ಬೆಟ್ಟಗಳೆಲ್ಲ ಒಂದೇ ನಾಡಾದವು.

ಇರಾನಿನಲ್ಲಿ ಆತ ಏರಿದ ಎತ್ತರ ಸಣ್ಣದಲ್ಲ. 1576ರಲ್ಲಿ ಎರಡನೆಯ ಷಾ ಇಸ್ಮಾಯಿಲ್ ಆತನನ್ನು ಇರಾನಿನ ಕುರ್ದ್ ಅಮೀರರಿಗೆಲ್ಲ ಮುಖ್ಯಸ್ಥನನ್ನಾಗಿ ಮಾಡಿದ. ಆಮೇಲೆ ಅರಮನೆಯ ಒಳಸಂಚುಗಳಲ್ಲಿ ಅನುಮಾನಕ್ಕೆ ಸಿಕ್ಕಿ ದೂರದ ನಖ್ಚಿವಾನ್‌ಗೆ ಹೋಗಬೇಕಾಯಿತು. 1578ರಲ್ಲಿ ಸುಲ್ತಾನ ಮೂರನೆಯ ಮುರಾದ್ ಇರಾನಿನ ಮೇಲೆ ಯುದ್ಧ ಹೂಡಿದಾಗ ಗಡಿಯಾಚೆಯಿಂದ ಕರೆ ಬಂತು: ಬಾ, ಬಿತ್ಲಿಸ್ ನಿನ್ನದೇ. ಶರಫ್ ಖಾನ್ ನಾನೂರು ಜನರೊಂದಿಗೆ ಗಡಿ ದಾಟಿದ. ತನ್ನ ಊರನ್ನು ಮೊದಲ ಬಾರಿ ಕಂಡಾಗ ಆತನಿಗೆ 35 ದಾಟಿತ್ತು.

ಇರಾನಿನ ಕಡೆಯಿಂದ ನೋಡಿದರೆ ಇದು ದ್ರೋಹ. ಉಂಡ ಮನೆಗೆ ಎರಡು ಬಗೆದ ಎನ್ನಬಹುದು. ಅನ್ನ, ಅಕ್ಷರ, ಪದವಿ ಎಲ್ಲವೂ ಆ ಮನೆಯದೇ ಆಗಿತ್ತು. ಈ ಆರೋಪವನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ನಿಷ್ಠೆ ಎಂಬ ತಕ್ಕಡಿ ಎಂದೂ ರಾಜಧಾನಿಯಲ್ಲೇ ತಯಾರಾಗುತ್ತದೆ. ಸುಲ್ತಾನ ಬಿತ್ಲಿಸ್ಸನ್ನು ಪಕ್ಷಾಂತರಿಗೆ ಕೊಟ್ಟಾಗ ಅದನ್ನು ಯಾರೂ ಸುಲ್ತಾನನ ದ್ರೋಹ ಎಂದು ಕರೆಯಲಿಲ್ಲ. ನಂಬಿ ಬಂದ ಅಮೀರರನ್ನು ಷಾ ಸೆರೆಗೆ ಹಾಕಿದ್ದಕ್ಕೂ ಆ ಹೆಸರು ಬರಲಿಲ್ಲ. ದೊಡ್ಡವರು ಮಾತು ಮುರಿದರೆ ಅದು ರಾಜನೀತಿ, ಚಿಕ್ಕವರು ಬದಿ ಬದಲಿಸಿದರೆ ನಂಬಿಕೆದ್ರೋಹ. ಗಡಿನಾಡಿನ ಚರಿತ್ರೆಯನ್ನು ಓದುವಾಗಲೆಲ್ಲ ಈ ಅಸಮ ತೂಕ ನನ್ನನ್ನು ಕೆಣಕುತ್ತದೆ. ಮೂರು ತಲೆಮಾರುಗಳಲ್ಲಿ ಬದಲಾದದ್ದು ಒಡೆಯರು ಮಾತ್ರ. ಅಜ್ಜನೂ ಅಪ್ಪನೂ ಮೊಮ್ಮಗನೂ ಕೇಳಿದ್ದು ಒಂದೇ ಕಣಿವೆ.

ಆ ಕಣಿವೆಗೆ ಆತ ತೆತ್ತ ಬೆಲೆಯೂ ಕಡಿಮೆಯಲ್ಲ. ಮುಂದಿನ ಹತ್ತು ವರ್ಷ ಕಾಕಸಸ್ ಬೆಟ್ಟಗಳಲ್ಲಿ ಸುಲ್ತಾನನ ಪರವಾಗಿ ಕಾದಾಡಿದ, ಅದೂ ತಾನು ಬೆಳೆದ ದೇಶದ ಸೈನ್ಯದ ಎದುರು. ನಡುವೆ 1583ರಲ್ಲಿ ಮುಷ್ ನಾಡನ್ನೂ ಸುಲ್ತಾನ ಆತನಿಗೆ ಸೇರಿಸಿಕೊಟ್ಟ. 1596ರ ಸುಮಾರಿಗೆ ಸಂಸ್ಥಾನವನ್ನು ಮಗನಿಗೆ ವಹಿಸಿ ಬರೆಯಲು ಕೂತ.

ಪುಸ್ತಕದ ಆರಂಭದಲ್ಲಿ ಕುರ್ದರ ಮೂಲದ ಬಗ್ಗೆ ಆತ ಹೇಳುವ ಕತೆಗಳಲ್ಲಿ ಒಂದು ಜಹ್ಹಾಕ್ ಎಂಬ ದುಷ್ಟ ದೊರೆಯದು. ಆತನ ಎರಡೂ ಭುಜಗಳಲ್ಲಿ ಹಾವುಗಳು. ದಿನವೂ ಅವಕ್ಕೆ ಇಬ್ಬರು ತರುಣರ ಮೆದುಳು ಉಣಿಸಬೇಕು. ಅಡುಗೆಯವನು ಮರುಗಿ ದಿನಕ್ಕೊಬ್ಬನನ್ನು ಕೊಂದು ಅವನ ಮೆದುಳಿಗೆ ಕುರಿಯ ಮೆದುಳು ಬೆರೆಸುತ್ತಾನೆ, ಇನ್ನೊಬ್ಬನನ್ನು ಗುಟ್ಟಾಗಿ ಬೆಟ್ಟಕ್ಕೆ ಕಳಿಸುತ್ತಾನೆ. ಹಾಗೆ ಉಳಿದವರ ಸಂತತಿ ಕುರ್ದರು. ಇದನ್ನು ಓದುವಾಗ ನನಗೆ ನಮ್ಮ ಬಿಜಾಪುರದ ನೆನಪಾಯಿತು. ಅದೇ ವರ್ಷಗಳಲ್ಲಿ, ಅದೇ ಫಾರಸಿಯಲ್ಲಿ, ಎರಡನೆಯ ಇಬ್ರಾಹಿಂ ಆದಿಲಶಾಹನ ಆಸ್ಥಾನದಲ್ಲಿ ಫಿರಿಶ್ತಾ ತನ್ನ ದೊಡ್ಡ ಚರಿತ್ರೆ ಬರೆಯುತ್ತಿದ್ದ. ಆದಿಲಶಾಹಿ ವಂಶದ ಮೂಲಪುರುಷ ಯೂಸುಫನ ಬಗ್ಗೆ ಆತ ಹೇಳುವ ಕತೆಯೂ ಇಂಥದೇ. ಒಟ್ಟೋಮನ್ ಅರಮನೆಯಲ್ಲಿ ಕೊಲೆಯಾಗಬೇಕಿದ್ದ ಮಗುವನ್ನು ತಾಯಿ ಉಪಾಯದಿಂದ ಪಾರು ಮಾಡುತ್ತಾಳೆ, ಅದರ ಜಾಗದಲ್ಲಿ ಬೇರೊಂದು ಮಗು ಸಾಯುತ್ತದೆ. ಎರಡರಲ್ಲೂ ಬದುಕಿ ಉಳಿದವನ ಹಿಂದೆ ಸತ್ತ ಇನ್ನೊಬ್ಬನಿದ್ದಾನೆ. ಆದರೆ ಫಿರಿಶ್ತಾನ ಕತೆಯಲ್ಲಿ ಉಳಿಯುವುದು ಒಬ್ಬ ರಾಜಕುಮಾರ, ಶರಫ್ ಖಾನನದರಲ್ಲಿ ಉಳಿಯುವುದು ಒಂದು ಜನಾಂಗ. ಫಿರಿಶ್ತಾನ ಬೆನ್ನಿಗೆ ಒಂದು ಸುಲ್ತಾನಿಕೆ ಇತ್ತು. ಶರಫ್ ಖಾನನ ಬೆನ್ನಿಗೆ ಇದ್ದದ್ದು ಚದುರಿದ ಮನೆತನಗಳು.

ಚದುರಿದವರು ಎಂಬುದನ್ನು ಆತ ಮುಚ್ಚಿಡುವುದಿಲ್ಲ. ಕುರ್ದರಲ್ಲಿ ಪ್ರತಿಯೊಬ್ಬನೂ ತನ್ನದೇ ಬಾವುಟ ಎತ್ತುತ್ತಾನೆ, ದೇವರು ಒಬ್ಬನೇ ಎಂಬ ಮಾತೊಂದನ್ನು ಬಿಟ್ಟರೆ ಬೇರಾವುದರಲ್ಲೂ ಅವರಿಗೆ ಒಮ್ಮತವಿಲ್ಲ ಎಂಬರ್ಥದ ಮಾತು ಆತನದೇ. ಅದಕ್ಕೊಂದು ಕತೆಯನ್ನೂ ಕೊಡುತ್ತಾನೆ: ಪ್ರವಾದಿಯ ಬಳಿಗೆ ಬಂದ ಭೀಕರ ರೂಪದ ದೂತನೊಬ್ಬ ಕುರ್ದ್ ಎಂದು ತಿಳಿದಾಗ, ಈ ಜನ ಎಂದೂ ಒಂದಾಗದಿರಲಿ ಎಂದು ಪ್ರವಾದಿ ಪ್ರಾರ್ಥಿಸಿದರಂತೆ. ತನ್ನವರ ಮೇಲಿನ ಶಾಪದ ಕತೆಯನ್ನು ತನ್ನವರ ಚರಿತ್ರೆಯ ಬಾಗಿಲಲ್ಲೇ ಇಡಲು ಎದೆಗಾರಿಕೆ ಬೇಕು. ಒಂದಾಗದವರನ್ನು ಕತ್ತಿಯಿಂದ ಒಂದುಮಾಡುವ ಶಕ್ತಿ ಆತನಿಗಿರಲಿಲ್ಲ, ಆ ಹಂಬಲವನ್ನೂ ಆತ ತೋರುವುದಿಲ್ಲ. ಆದರೆ ಕುರ್ಮಾಂಜ್, ಲೂರ್, ಕಲ್ಹೂರ್, ಗೋರಾನ್ ಎಂಬ ನಾಲ್ಕು ಕವಲುಗಳನ್ನು ಹೆಸರಿಸಿ, ಒಬ್ಬರ ಮುಖ ಒಬ್ಬರು ನೋಡದ ಮನೆತನಗಳನ್ನು ಒಂದೇ ರಟ್ಟಿನೊಳಗೆ ತಂದ.

ಪುಸ್ತಕದ ಕೊರತೆಗಳನ್ನೂ ಹೇಳಲೇಬೇಕು. ಇದು ದೊರೆಗಳ ಚರಿತ್ರೆ. ಕುರಿ ಕಾಯುವವನಾಗಲಿ, ಉತ್ತು ಬಿತ್ತುವವನಾಗಲಿ, ಹೆಂಗಸಾಗಲಿ ಇದರಲ್ಲಿ ಬರುವುದು ಯಾವುದೋ ಅಮೀರನ ಕತೆಯ ಅಂಚಿನಲ್ಲಿ. ಯಜೀದಿ ಕುರ್ದರ ಬಗ್ಗೆ ಆತನ ಮಾತಿನಲ್ಲಿ ಸುನ್ನಿ ದೊರೆಯ ತಾತ್ಸಾರವಿದೆ. ಇನ್ನು ಬಿತ್ಲಿಸ್ ಕುರ್ದರದ್ದು ಮಾತ್ರವೂ ಆಗಿರಲಿಲ್ಲ. ಆರ್ಮೇನಿಯನ್ನರು ಅದನ್ನು ಬಘೇಶ್ ಎಂದು ಕರೆಯುತ್ತಿದ್ದರು. ಅಲ್ಲಿನ ಅಮ್ರ್‌ದೋಲ್ ಮಠ ಹಸ್ತಪ್ರತಿಗಳಿಗೆ ಹೆಸರಾಗಿತ್ತು. ಹದಿನೇಳನೆಯ ಶತಮಾನದಲ್ಲಿ ವರ್ದನ್ ಎಂಬ ಗುರು ಹಾಳಾಗುತ್ತಿದ್ದ ಹಳೆಯ ಆರ್ಮೇನಿಯನ್ ಗ್ರಂಥಗಳನ್ನು ಹುಡುಕಿ ತಂದು ನಕಲು ಮಾಡಿಸಿದ. 1915ರ ನರಮೇಧದಲ್ಲಿ ಊರಿನ ಆ ಅರ್ಧ ಜೀವ ಅಳಿಸಿಹೋಯಿತು. ಅಮೆರಿಕದ ಲೇಖಕ ವಿಲಿಯಂ ಸರೋಯನ್‌ನ ತಂದೆತಾಯಿ ಅದಕ್ಕೂ ಮೊದಲೇ ಅಲ್ಲಿಂದ ಹೊರಟವರು. ಬರೀ ಕೇಳಿ ಬಲ್ಲ ಆ ಊರನ್ನು ಸರೋಯನ್ 1964ರಲ್ಲಿ ಹೋಗಿ ನೋಡಿದ. ಮುನ್ನೂರೆಂಬತ್ತಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಒಬ್ಬ ಕುರ್ದ್, ಒಬ್ಬ ಆರ್ಮೇನಿಯನ್, ಇಬ್ಬರೂ ಅಪ್ಪ ಅಮ್ಮನ ಮಾತಿನಲ್ಲಷ್ಟೇ ಇದ್ದ ಒಂದೇ ಊರಿಗೆ ಬಂದರು. ಶರಫ್ ಖಾನನಿಗೆ ಕೋಟೆ ಮರಳಿ ಸಿಕ್ಕಿತು, ಸರೋಯನ್‌ಗೆ ಸಿಗಲು ಏನೂ ಉಳಿದಿರಲಿಲ್ಲ.

ಶರಫ್ ಖಾನನ ನಂತರ ಆ ಮನೆತನದಲ್ಲಿ ಪುಸ್ತಕದ ಹುಚ್ಚು ಉಳಿಯಿತು. 1655ರಲ್ಲಿ ಒಟ್ಟೋಮನ್ ಪ್ರವಾಸಿ ಎವ್ಲಿಯಾ ಚೆಲೆಬಿ ಬಿತ್ಲಿಸ್‌ಗೆ ಬಂದಾಗ ಅಬ್ದಾಲ್ ಖಾನ್ ಆಳುತ್ತಿದ್ದ. ವೈದ್ಯ, ಚಿತ್ರಕಾರ, ಸಂಗೀತಗಾರ, ಗಡಿಯಾರ ಬಿಚ್ಚಿ ಜೋಡಿಸಬಲ್ಲವನು ಎಂದೆಲ್ಲ ಎವ್ಲಿಯಾ ಬೆರಗಿನಿಂದ ಬರೆಯುತ್ತಾನೆ. ಅದೇ ವರ್ಷ ವಾನ್ ಪ್ರಾಂತದ ಪಾಷಾ ಮೆಲೆಕ್ ಅಹ್ಮದ್ ಬಿತ್ಲಿಸ್ ಮೇಲೆ ದಂಡೆತ್ತಿ ಬಂದ. ಅಬ್ದಾಲ್ ಖಾನ್ ಬೆಟ್ಟಕ್ಕೆ ಓಡಿದ. ಅರಮನೆಯ ಸೊತ್ತು ಹರಾಜಿಗೆ ಬಂತು, ಅದರಲ್ಲಿ ಗ್ರಂಥಭಂಡಾರವೂ ಇತ್ತು. ಪಾಷಾನ ಪಾಳೆಯದಲ್ಲಿದ್ದ ಮಡಿವಂತನೊಬ್ಬ ಫಾರಸಿ ಮಹಾಕಾವ್ಯ ಶಾಹನಾಮೆಯ ಚಿತ್ರಗಳಿದ್ದ ಪ್ರತಿಯೊಂದನ್ನು ಸವಾಲಿಗೆ ಹಿಡಿದು ಡೇರೆಗೆ ಒಯ್ದ. ಚಿತ್ರ ಬರೆಯುವುದು ಪಾಪ ಎಂದು ನಂಬಿದ್ದ ಆತ ಚಾಕು ತೆಗೆದು ಪುಟಪುಟದಲ್ಲಿದ್ದ ವೀರರ ಕಣ್ಣು ಕೆರೆದ, ಕತ್ತು ಸೀಳಿದ. ಮರುದಿನ ಹರಾಜುಗಾರ ಬಂದು ನೋಡಿದರೆ ಪುಸ್ತಕ ಹಾಳು. ಪಾಷಾ ಅವನಿಗೆ ಹೊಡೆಸಿ ಓಡಿಸಿದ ಎಂದು ಎವ್ಲಿಯಾ ಬರೆದಿದ್ದಾನೆ. ಹಾಳಾದದ್ದು ಮಾತ್ರ ಹಾಳಾಗಿಯೇ ಉಳಿಯಿತು. ಕಣ್ಣಿಲ್ಲದ ಆ ಮುಖಗಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಶರಫ್ ಖಾನನ ಕಾಲದ ಒಂದು ಪ್ರತಿ ಈ ಗತಿಯಿಂದ ಪಾರಾಗಿದೆ. 1597ರ ಆ ಹಸ್ತಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಇಪ್ಪತ್ತು ಚಿತ್ರಗಳಿವೆ. ಅವನ್ನು ಶರಫ್ ಖಾನನೇ ಬರೆದ ಎಂಬ ನಂಬಿಕೆಯಿದೆ. ಹಾಗಿದ್ದರೆ ಷಾ ತಹ್ಮಾಸ್ಪನ ಅರಮನೆಯಲ್ಲಿ ಒಂಬತ್ತು ವರ್ಷದ ಹುಡುಗನಿಗೆ ಕುಂಚ ಹಿಡಿಸಿದ್ದು ವ್ಯರ್ಥವಾಗಲಿಲ್ಲ.

ಎವ್ಲಿಯಾ ಬಂದುಹೋದ ಮೇಲೂ ಬಿತ್ಲಿಸ್ ಸಂಸ್ಥಾನ ಸುಮಾರು ಎರಡು ಶತಮಾನ ಬಾಳಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಸ್ತಾಂಬುಲು ಎಲ್ಲವನ್ನೂ ತನ್ನ ಕೈಯೊಳಗೆ ಎಳೆದುಕೊಳ್ಳತೊಡಗಿದಾಗ ಸೊರಾನ್, ಬೊಹ್ತಾನ್ ಎಂಬ ಕುರ್ದ್ ಸಂಸ್ಥಾನಗಳು ಒಂದೊಂದಾಗಿ ಬಿದ್ದವು. ಬಿತ್ಲಿಸ್‌ನ ಸರದಿ ಬಂದದ್ದು 1849ರಲ್ಲಿ. ಕೊನೆಯ ದೊರೆ ಷರೀಫ್ ಬೇಯನ್ನು ಹಿಡಿದು ರಾಜಧಾನಿಗೆ ಒಯ್ದರು. ಮುಂದೆ 1920ರ ಸೆವ್ರ್ ಒಪ್ಪಂದ ಕುರ್ದರಿಗೆ ನಾಡಿನ ಆಸೆ ತೋರಿಸಿತು, 1923ರ ಲೊಸಾನ್ ಒಪ್ಪಂದದಲ್ಲಿ ಅವರ ಹೆಸರೂ ಇರಲಿಲ್ಲ. ಇಂದು ಮೂರು ಕೋಟಿಗೂ ಮಿಕ್ಕ ಕುರ್ದರು ಮುಖ್ಯವಾಗಿ ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ.

ಪುಸ್ತಕದ ಹಾದಿ ಬೇರೆಯಾಯಿತು. ಬಿತ್ಲಿಸ್ ಬಿದ್ದ ಹತ್ತು ವರ್ಷದೊಳಗೆ ಮುಲ್ಲಾ ಮಹಮೂದ್ ಬಾಯಜೀದಿ ಎಂಬ ಕುರ್ದ್ ವಿದ್ವಾಂಸ, ಎರ್ಜುರುಮಿನಲ್ಲಿದ್ದ ರಷ್ಯನ್ ಕಾನ್ಸಲನ ಒತ್ತಾಸೆಯಿಂದ, ಅದನ್ನು ಕುರ್ದಿಶ್ ಭಾಷೆಗೆ ತಂದ. 1860ರಿಂದ 1862ರ ನಡುವೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೂಲ ಫಾರಸಿ ಅಚ್ಚಾಯಿತು, ಬಳಿಕ ಫ್ರೆಂಚಿಗೆ ಹೋಯಿತು.

ನಮ್ಮಲ್ಲಿ ವಿದ್ವಾಂಸ ಎಂ. ಎಂ. ಕಲಬುರ್ಗಿಯವರ ಮುಂದಾಳುತನದಲ್ಲಿ ಆದಿಲಶಾಹಿ ಕಾಲದ ಫಾರಸಿ ಕೃತಿಗಳು ವಿಜಯಪುರದಲ್ಲಿ ಕನ್ನಡಕ್ಕೆ ಬಂದಿವೆ. ಆ ಕೆಲಸ ಮಾಡಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರಲ್ಲಿ ಯಾರಾದರೂ ‘ಶರಫ್‌ನಾಮಾ’ದ ನಾಲ್ಕನೆಯ ಭಾಗವನ್ನೂ ಅದರ ಕೊನೆಗೆ ಬರುವ ಶರಫ್ ಖಾನನ ಆತ್ಮಕಥನವನ್ನೂ ಕನ್ನಡಕ್ಕೆ ತಂದುಕೊಡಲಿ. ಕುರ್ದರನ್ನು ಯುದ್ಧದ ಸುದ್ದಿಯಲ್ಲಿ ಮಾತ್ರ ಓದಿ ಬಲ್ಲ ನಮಗೆ ಅದು ಬೇಕು.